ಕೈ ಬಿಚ್ಚದ ಕುರ್ಚಿಗಳು

ಮೂವತ್ತನಾಲ್ಕನೇ ವಯಸ್ಸಿಗೆ ನಿವೃತ್ತಳಾದವಳು ನಾನು. ವಯಸ್ಸಾಗಿ ಅಲ್ಲ, ಬೆನ್ನು ಹೋಗಿ. 1994ರಿಂದ ಹನ್ನೆರಡು ವರ್ಷ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಬಸ್ಸು ಹತ್ತಿ ಇಳಿದು ಮನೆ ಮನೆಗೆ ಹೋದೆ. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರಿಗೆ, ಪಾರ್ಶ್ವವಾಯು ಹೊಡೆದವರಿಗೆ, ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಮಂಚಕ್ಕೆ ಪೆಟ್ಟಾಗದಂತೆ ದಾಟುವುದನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಸಂಬಳ ಕೊಡುತ್ತಿದ್ದ ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ. ಈಗ ಇದೇ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಆಗ ಹೇಗಿತ್ತು ಮೇಡಂ?" ಎನ್ನುತ್ತಾರೆ. ಚೆನ್ನಾಗಿತ್ತು ಎಂಬ ಉತ್ತರ ಬೇಕಾಗಿ ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೇರಿದ ದಿನದಿಂದ ಡೈರಿ ಇಟ್ಟಿದ್ದೆ. ಯಾವ ಊರು, ಯಾವ ಮನೆ, ಯಾರು ಎಷ್ಟು ಕಲಿತರು, ಯಾರು ಯಾಕೆ ಕಲಿಯಲಿಲ್ಲ ಎಂದು ದಿನವೂ ಬರೆಯುವುದು ನನ್ನ ಅಭ್ಯಾಸ. ಅದನ್ನು ಮುಂದಿಟ್ಟುಕೊಂಡರೂ ಕೋಪ ಕಡಿಮೆಯಾಗುತ್ತಿಲ್ಲ. ಕಡಿಮೆ ಮಾಡಿಕೊಂಡು ಬರೆಯುವ ಇಚ್ಛೆಯೂ ಇಲ್ಲ.

ಮೊದಲ ಪಾಠ ಒಂದು ಪದದ ಬಗ್ಗೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಪದ 'ಎತ್ತು'. ಎತ್ತಿ ಕೂರಿಸು, ಎತ್ತಿ ಮಲಗಿಸು, ಎತ್ತಿ ಹಾಕು. ಕೊಬ್ಬರಿ ಮೂಟೆ ಎತ್ತಿ ಬದುಕುವ ಊರುಗಳಿವು. ಎಷ್ಟು ಭಾರ ಎತ್ತುತ್ತಾನೆ ಎಂಬುದರ ಮೇಲೆ ಗಂಡಸಿನ ಬೆಲೆ. ಆದರೆ ಮನುಷ್ಯನನ್ನು ಎತ್ತಬಾರದು. ಎತ್ತಿದರೆ ಎತ್ತಿದವರ ಬೆನ್ನು ಹೋಗುತ್ತದೆ. ಎತ್ತಿಸಿಕೊಂಡವರ ಚರ್ಮ, ಕೀಲು, ಮರ್ಯಾದೆ ಹೋಗುತ್ತದೆ. ಮನುಷ್ಯ ಜರುಗಬೇಕು, ಆದಷ್ಟೂ ತಾನೇ ಜರುಗಬೇಕು. ಇದನ್ನು ಹೇಳಿದಾಗಲೆಲ್ಲ ನಕ್ಕವರೇ ಹೆಚ್ಚು. "ಎತ್ತದಂಗೆ ಎಂಗಮ್ಮ ಕೂರ್ಸೋದು? ಮಂತ್ರ ಹಾಕ್ತೀಯಾ?"

ಕೆಲಸಕ್ಕೆ ಸೇರಿದ ಎರಡನೇ ವರ್ಷ ದಬ್ಬೇಘಟ್ಟದ ಒಂದು ಮನೆಗೆ ಹೋದೆ. ಅಜ್ಜಿಗೆ ಎಡಭಾಗ ಬಿದ್ದುಹೋಗಿತ್ತು. ಮಗ ಒಳ್ಳೆಯವನು, ಊರೆಲ್ಲ ಹೊಗಳುವಂಥವನು. ದಿನಾ ಬೆಳಿಗ್ಗೆ ತಾಯಿಯ ಎಡಗೈ ರಟ್ಟೆ ಹಿಡಿದು ಜಗ್ಗಿ ಎಬ್ಬಿಸಿ ಕುರ್ಚಿಗೆ ಕೂರಿಸುತ್ತಿದ್ದ. ನಾನು ನೋಡುವ ಹೊತ್ತಿಗೆ ಭುಜದ ಕೀಲು ಜಾರಿ, ಭುಜಕ್ಕೂ ತೋಳಿಗೂ ನಡುವೆ ಎರಡು ಬೆರಳು ಇಡುವಷ್ಟು ಹಳ್ಳ ಬಿದ್ದಿತ್ತು.

"ನೋಯಲ್ವೇನಜ್ಜಿ?" ಎಂದೆ.

ಅಜ್ಜಿ ಬಾಗಿಲ ಕಡೆ ನೋಡಿ, ಮಗ ಇಲ್ಲವೆಂದು ಖಚಿತ ಮಾಡಿಕೊಂಡು, "ಜೀವ ಹೋಗ್ತದೆ ಕಣವ್ವ. ಪಾಪ, ಅಷ್ಟು ಕಷ್ಟ ಬಿದ್ದು ಎತ್ತುತಾನೆ. ಎಂಗೆ ಹೇಳ್ಲಿ?" ಎಂದಳು.

ಈ 'ಪಾಪ' ಎಂಬ ಪದ ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಕೆಟ್ಟವರ ಕೈಯಿಂದ ಜನರನ್ನು ಬಿಡಿಸಬಹುದು. ಒಳ್ಳೆಯವರ ಕೈಯಿಂದ ಬಿಡಿಸುವುದು ಎಷ್ಟು ಕಷ್ಟ ಎಂಬುದನ್ನು ಶೆಟ್ಟಿಕೆರೆ ಹತ್ತಿರದ ಶಿವಣ್ಣನ ಮನೆಯಲ್ಲಿ ಪೂರ್ತಿ ಕಲಿತೆ.

ಶಿವಣ್ಣ ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಿದ್ದವನು. ಇಪ್ಪತ್ತೆಂಟು ವರ್ಷ. ಗರಿಯ ಬುಡ ಹಿಡಿದಾಗ ಗರಿ ಕಳಚಿ ಬಿದ್ದ. ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ನಾನು ಮೊದಲು ಅವನನ್ನು ನೋಡಿದ್ದು 1998ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವನ ಕುಂಡಿಯ ಮೂಳೆಯ ಮೇಲಿನ ಹುಣ್ಣನ್ನು ತುಮಕೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿಸಿ ಮಾಯಿಸಿ ಕಳಿಸಿದ್ದರು. ಡಾಕ್ಟರು ಅವನ ಹೆಂಡತಿ ಜಯಮ್ಮನಿಗೆ ಬಿಡಿಸಿ ಹೇಳಿದ್ದರು: ಅದೇ ಜಾಗ ಮತ್ತೆ ಒಡೆದು ಕೀವು ಮೂಳೆಗೆ ಇಳಿದರೆ ಈ ಸಲದಂತೆ ಉಳಿಸಲಾಗುವುದಿಲ್ಲ. ಆ ಅಂಗೈಯಗಲ ಎಳೆಯ ಚರ್ಮದ ಮೇಲೆ ಶಿವಣ್ಣನ ಜೀವ ನಿಂತಿತ್ತು. ಅಲ್ಲಿ ಅವನಿಗೆ ಸ್ಪರ್ಶ ಗೊತ್ತಾಗುತ್ತಿರಲಿಲ್ಲ. ತರಚಿದರೂ ತಿಳಿಯದು, ಸುಟ್ಟರೂ ತಿಳಿಯದು.

ಆ ಚರ್ಮವನ್ನು ಊರಿನವರು ಹೇಗೆ ಕಾಯುತ್ತಿದ್ದರು ನೋಡಿ. ನಾನು ಜಗಲಿಗೆ ಕಾಲಿಟ್ಟಾಗ ಶಿವಣ್ಣನನ್ನು ಬಿಸಿಲಿಗೆ ಕೂರಿಸುವ ಸಮಾರಂಭ ನಡೆಯುತ್ತಿತ್ತು. ಮುಂದಾಳು ಪಕ್ಕದ ಮನೆಯ ರಂಗಪ್ಪ. ಕಾಯಿ ಸುಲಿಯುವವನು, ಕಂಬದಂಥ ತೋಳು. ಅವನ ಜೊತೆ ಇನ್ನು ಮೂವರು ಬೀದಿಯವರು. ಇಬ್ಬರು ಕಂಕುಳಿಗೆ ಕೈ ಹಾಕಿದರು, ಇಬ್ಬರು ಕಾಲು ಹಿಡಿದರು.

"ಎತ್ರಲಾ! ಹೂಂ!" ಎಂದ ರಂಗಪ್ಪ.

ಎತ್ತಿದರು. ಸೊಂಟ ಮಾತ್ರ ಮೇಲೇಳಲಿಲ್ಲ. ಮಂಚದ ಅಂಚು, ಕುರ್ಚಿಯ ಕಬ್ಬಿಣದ ಕೈ ಎರಡಕ್ಕೂ ಉಜ್ಜಿಕೊಂಡು ಹೋಯಿತು. ಬ್ರೇಕ್ ಹಾಕಿರದ ಕುರ್ಚಿ ಹಿಂದಕ್ಕೆ ಓಡಿತು. ಯಾರೋ ಅದನ್ನು ಕಾಲಲ್ಲಿ ತಡೆದರು. ಶಿವಣ್ಣ ದೊಪ್ಪೆಂದು ಅದರೊಳಗೆ ಬಿದ್ದ. ನಾಲ್ವರೂ ಕೈ ಒರೆಸಿಕೊಂಡು, ದೇವರ ಕೆಲಸ ಮುಗಿಸಿದವರಂತೆ ನಿಂತರು. ಜಯಮ್ಮ ಎಲ್ಲರಿಗೂ ಟೀ ತಂದಳು. ಮನೆಯ ಅರ್ಧ ಹಾಲು ಹೀಗೇ ಖರ್ಚಾಗುತ್ತಿತ್ತು.

ನಾನು ಅವನನ್ನು ಕುರ್ಚಿಯಲ್ಲೇ ಒಂದು ಪಕ್ಕಕ್ಕೆ ವಾಲಿಸಿ ನೋಡಿ, ಕೆಂಪಾದ ಚರ್ಮವನ್ನು ಎಲ್ಲರಿಗೂ ತೋರಿಸಿದೆ. "ಇನ್ನು ನಾಲ್ಕು ಸಲ ಹೀಗೆ ಮಾಡಿ, ನೀವೇ ಹೊತ್ತುಕೊಂಡು ಹೋಗುವಿರಂತೆ" ಎಂದೆ. ಮಾತು ಬಾಯಿ ಮೀರಿತ್ತು.

ರಂಗಪ್ಪನ ಮುಖ ಕಪ್ಪಿಟ್ಟಿತು. "ನಾವಿರುವಾಗ ಅವನ್ಯಾಕಮ್ಮ ಕಷ್ಟ ಬೀಳ್ಬೇಕು? ಜೊತೇಲಿ ಆಡಿ ಬೆಳ್ದೋನು. ಎತ್ತಾಕಿಲ್ಲ ಅಂದ್ರೆ ನಮ್ಮುನ್ನ ಊರು ಏನಂದಾತು?"

ಕುರ್ಚಿಯಲ್ಲಿದ್ದ ಶಿವಣ್ಣ ಮೊದಲ ಸಲ ಮಾತಾಡಿದ. "ಎತ್ತೋದು ಹೆಣಾನ ಕಣ್ಲಾ ರಂಗ. ನಾನಿನ್ನೂ ಉಸಿರಾಡ್ತಾ ಇವ್ನಿ."

ಅವತ್ತೇ ಗೊತ್ತಾಯಿತು, ಇವನು ಕಲಿಯುತ್ತಾನೆ.

ನಮಗೆ ತರಬೇತಿಯಲ್ಲಿ ಕಲಿಸಿದ್ದ ಮೊದಲ ವಿಧಾನ ಸುಲಭದ್ದು. ಒಬ್ಬರೇ ಸಾಕು. ರೋಗಿಯ ಎದುರು ನಿಂತು, ಅವನ ಮೊಣಕಾಲುಗಳನ್ನು ನಮ್ಮ ಮೊಣಕಾಲುಗಳ ನಡುವೆ ಹಿಡಿದು, ಎದೆಗೆ ಎದೆ ಸೇರಿಸಿ, ಸೊಂಟಕ್ಕೆ ಕಟ್ಟಿದ ಪಂಚೆಯ ಪಟ್ಟಿ ಹಿಡಿದು, ಮುಂದಕ್ಕೆ ಬಾಗಿಸಿಕೊಂಡು ತಿರುಗಿಸಿ ಕೂರಿಸುವುದು. ಜಯಮ್ಮನಿಗೆ ಅದನ್ನು ತೋರಿಸಿದೆ. ಅವಳು ಕಲ್ಲಾದಳು. ಒಳಬಾಗಿಲಲ್ಲಿ ಶಿವಣ್ಣನ ತಾಯಿ ಪುಟ್ಟಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

"ಅತ್ತೆ ಅವ್ರೆ ಮೇಡಮ್ಮೋರೆ" ಎಂದು ಜಯಮ್ಮ ಪಿಸುಗುಟ್ಟಿದಳು. "ಹಗಲೊತ್ನಾಗೆ, ಬಾಗ್ಲು ತೆಗುದು, ಅವ್ರುನ್ನ ತಬ್ಕೊಂಡು ನಿಂತ್ಕಳಾದು ಎಂಗೆ?"

ಬೀದಿಯಲ್ಲಿ ರಂಗಪ್ಪನ ದನಿ ಕೇಳಿಸಿತು: "ಲೇ ಬನ್ರಲಾ, ತಬ್ಕಳಾಕೆ ಟ್ರೈನಿಂಗ್ ಕೊಡ್ತಾವ್ರಂತೆ!"

ಡೈರಿಯ ಅವತ್ತಿನ ಪುಟದಲ್ಲಿ ಪೆನ್ನು ಒತ್ತಿ ಕಾಗದ ಹರಿದಿದೆ. ನಾಲ್ಕು ಜನ ಗಂಡಸರು ಒಬ್ಬನನ್ನು ಪಂಚೆ ಜಾರುವಂತೆ ಬೀದಿಯ ಕಣ್ಣೆದುರು ಮೂಟೆಯ ಹಾಗೆ ಎಳೆಯಬಹುದು. ಕಟ್ಟಿಕೊಂಡ ಹೆಂಡತಿ ಅವನ ಸೊಂಟ ಹಿಡಿಯುವ ಹಾಗಿಲ್ಲ. ಬಾಗಿಲು ಹಾಕಿಕೊಳ್ಳಿ ಎಂದೆ. ಹಗಲು ಬಾಗಿಲು ಹಾಕಿದರೆ ಇನ್ನೂ ಕೆಟ್ಟ ಮಾತು ಎಂದಳು. ಪುಟ್ಟಮ್ಮನೇ ಮಾಡಲಿ ಎಂದರೆ, ಆ ಹಿರಿಯ ಜೀವ ಮಗನ ಎದೆಮಟ್ಟಕ್ಕೂ ಬಾರದು. ಹೆಂಗಸರು ಹಿಂಜರಿಯುತ್ತಾರೆ ಎಂದು ನಮ್ಮ ಕಚೇರಿಯಲ್ಲಿ ಅವರನ್ನು ಬೈಯುತ್ತಿದ್ದರು. ನಾಳೆ ಬೆಳಿಗ್ಗೆ ನೀರು ತರಲು ಅದೇ ಬೀದಿಯಲ್ಲಿ ಹೋಗಬೇಕಾದವಳು ಜಯಮ್ಮ, ಕಚೇರಿಯವರಲ್ಲ.

ಹಾಗಾದರೆ ಯಾರೂ ಮುಟ್ಟದ ವಿಧಾನವೇ ಬೇಕು. ಹಲಗೆ. ಮಂಚಕ್ಕೂ ಕುರ್ಚಿಗೂ ಸೇತುವೆಯಂತೆ ಇಟ್ಟು, ಅದರ ಮೇಲೆ ತಾನೇ ಕೈಯೂರಿ ಜರುಗುವುದು. ಆದರೆ ಹಲಗೆ ಇಡಬೇಕೆಂದರೆ ಕುರ್ಚಿಯ ಆ ಪಕ್ಕದ ಕೈ ಕಳಚಿ ಬರಬೇಕು. ನಮ್ಮ ಸಂಸ್ಥೆ ಹಂಚುತ್ತಿದ್ದ ಕುರ್ಚಿಗಳ ಕೈಗಳು ಬೆಸುಗೆ ಹಾಕಿದವು. ನೋಡಲು ಫಳಫಳ. ಅದರಲ್ಲಿ ಕೂರುವವನು ಒಳಗೆ ಹೇಗೆ ಹೋಗುತ್ತಾನೆ, ಹೊರಗೆ ಹೇಗೆ ಬರುತ್ತಾನೆ ಎಂಬುದನ್ನು ಆರಿಸಿದವರು, ಕೊಂಡವರು, ಹಂಚಿದವರು ಯಾರೂ ಕೇಳಿಕೊಂಡಿರಲಿಲ್ಲ. ಎತ್ತುತ್ತಾರಲ್ಲ, ಇನ್ನೇನು?

ನಮ್ಮ ಮೇಲ್ವಿಚಾರಕರಿಗೆ ಹೋಗಿ ಹೇಳಿದೆ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಹಂಚುವ ದಿನ ಫೋಟೋಗೆ ಹೊತ್ತಾಗುತ್ತದೆಂದು, "ಏನಮ್ಮ ನೋಡ್ತಾ ನಿಂತಿದೀಯ, ಎತ್ತಿ ಕೂರಿಸು ಬೇಗ" ಎಂದು ನಮ್ಮ ಕೈಯಲ್ಲೇ ಎತ್ತಿಸುತ್ತಿದ್ದವರು. ನನ್ನ ಬೆನ್ನಿನಲ್ಲಿ ಮೊದಲ ಸಲ ಚಳಕು ಹೊಡೆದದ್ದು ಅಂಥದೊಂದು ಫೋಟೋದಲ್ಲಿ. ಅದರಲ್ಲಿ ನಾನು ನಗುತ್ತಿದ್ದೇನೆ.

"ಸಾರ್, ಕೈ ಬಿಚ್ಚುವ ಕುರ್ಚಿ ಬೇಕು" ಎಂದೆ.

"ಕೊಟ್ಟ ಕುರ್ಚಿಗೆ ಕೈ ಬೇಡ ಅಂತೀಯ. ನಾಳೆ ಕಾಲು ಬೇಡ ಅಂತೀಯ. ನಾಡಿದ್ದು ಸ್ಟೂಲ್ ಸಾಕು ಅಂತೀಯೇನಮ್ಮ?" ಕಚೇರಿಯಲ್ಲಿದ್ದವರೆಲ್ಲ ನಕ್ಕರು. ಜೋಕು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ.

ನಾನು ಎರಡು ಸಲ ಬರೆದು ಕೊಟ್ಟೆ. ಉತ್ತರ ಬರಲಿಲ್ಲ. ಮೂರನೆಯ ಸಲ ಬರೆಯಲಿಲ್ಲ. ಶಿವಣ್ಣನ ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಿಪಟೂರಿಗೆ ತಂದು, ವೆಲ್ಡಿಂಗ್ ಅಂಗಡಿಯಲ್ಲಿ ಬಲಗಡೆಯ ಕೈ ಕೊಯ್ಯಿಸಿ, ಕೊಳವೆಯೊಳಗೆ ಕೂತು ಎಳೆದರೆ ಮೇಲಕ್ಕೆ ಬರುವಂತೆ ಮಾಡಿಸಿದೆ. ಹಲಸಿನ ಹಲಗೆಯೊಂದನ್ನು ಅಂಚು ಉಜ್ಜಿಸಿ ನುಣುಪು ಮಾಡಿಸಿದೆ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಕುರ್ಚಿಯ ಮಟ್ಟಕ್ಕೆ ತಂದೆವು. ಕುರ್ಚಿಯ ಕೈ ಕೊಯ್ದ ಸುದ್ದಿ ಕಚೇರಿ ಮುಟ್ಟಿತು. ದಾನಿಗಳ ಸ್ವತ್ತಿಗೆ ಹಾನಿ ಮಾಡಿದ್ದೇಕೆಂದು ಕೇಳಿ ಮೆಮೊ ಬಂತು.

ಆಮೇಲೆ ಕಲಿಸಿದ್ದನ್ನು ನೀವೂ ಕೇಳಿಸಿಕೊಳ್ಳಿ, ಪುಸ್ತಕದಲ್ಲಿ ಇದೇ ಕ್ರಮ ಇದ್ದರೂ ಇಷ್ಟು ಒರಟಾಗಿ ಇರುವುದಿಲ್ಲ. ಕುರ್ಚಿಯನ್ನು ಮಂಚಕ್ಕೆ ಸ್ವಲ್ಪ ಓರೆಯಾಗಿ ತಾಗಿಸಿ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ, ಹಾಕಿದ ಮೇಲೆ ಅಲ್ಲಾಡಿಸಿ ನೋಡಿ. ಕಾಲಿಡುವ ಪಟ್ಟಿ ಮಡಚಿ ಪಾದ ನೆಲಕ್ಕೆ ಊರಲಿ. ಮಂಚದ ಕಡೆಯ ಕೈ ಕಳಚಿ. ಅವರು ಒಂದು ಪಕ್ಕಕ್ಕೆ ವಾಲಿದಾಗ ಇನ್ನೊಂದು ತೊಡೆಯ ಕೆಳಗೆ ಹಲಗೆ ತೂರಿಸಿ. ಹಲಗೆಯ ಅಂಚಿನ ಕೆಳಗೆ ಬೆರಳು ಸಿಕ್ಕಬಾರದು, ಆದ್ದರಿಂದ ಮುಷ್ಟಿ ಕಟ್ಟಿ ಊರಲಿ. ಎದೆ ಮುಂದಕ್ಕೆ ಬಾಗಲಿ. ಸೊಂಟ ಹೋಗಬೇಕಾದ ದಿಕ್ಕಿಗೆ ವಿರುದ್ಧ ತಲೆ ಹೋಗಲಿ, ಆಗ ಸೊಂಟ ತಾನೇ ಹಗುರಾಗುತ್ತದೆ. ಒಂದೇ ಸಲ ಜಾರಬಾರದು. ಊರು, ಎತ್ತಿಕೊ, ಸ್ವಲ್ಪ ಜರುಗು, ಕೂರು, ಮತ್ತೆ ಊರು. ಬರಿ ಚರ್ಮ ಹಲಗೆಗೆ ತಾಗಬಾರದು, ಬಟ್ಟೆ ಇರಲಿ. ಆದ ಮೇಲೆ ಚರ್ಮ ನೋಡಿ. ದಿನಾ ನೋಡಿ. ನೀವು ಎದುರಿಗೆ ಮೊಣಕಾಲು ಮಡಚಿ ನಿಂತಿರಿ. ಕೈ ಹಾಕಬೇಡಿ. ಅವರು ಬೀಳುವುದಾದರೆ ಮಾತ್ರ ಹಾಕಿ. ಬೀಳುತ್ತಾರೇನೋ ಎನ್ನಿಸಿದಾಗ ಅಲ್ಲ.

ಶಿವಣ್ಣ ಮಳೆಗಾಲ ಮುಗಿಯುವಷ್ಟರಲ್ಲಿ ಕಲಿತ. ಮರ ಹತ್ತಿದ ತೋಳುಗಳು ಅವು, ಊರಿದರೆ ಹಲಗೆ ಕಿರುಗುಟ್ಟುತ್ತಿತ್ತು. ಬೆಳಿಗ್ಗೆ ತಾನೇ ಕುರ್ಚಿಗೆ ಬಂದು ಜಗಲಿಯಲ್ಲಿ ಕೂತು ಕರಟ ಉಜ್ಜಿ ಸೌಟು ಮಾಡಲು ಶುರು ಮಾಡಿದ. ಜಯಮ್ಮ ಬೇರೆಯವರ ತೋಟಕ್ಕೆ ಕೂಲಿಗೆ ಹೋಗತೊಡಗಿದಳು. ಎತ್ತಲು ಬಂದ ರಂಗಪ್ಪ ಬಾಗಿಲಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದ. "ಇಷ್ಟೊತ್ತಿಗೆ ನಾವು ಮೂರು ಸತಿ ಎತ್ತಿ ಇಳಿಸ್ತಿದ್ವಿ ಕಣ್ಲಾ" ಎನ್ನುತ್ತಿದ್ದ. ಶಿವಣ್ಣ ಬೆವರೊರೆಸಿಕೊಂಡು, "ಟೀ ಬತ್ತದೆ ಅಂದ್ಕೊಂಡು ಕಾಯ್ತಿದೀಯ, ಬರಾಕಿಲ್ಲ ಹೋಗು" ಎನ್ನುತ್ತಿದ್ದ.

ಆಮೇಲೆ ದೀಪಾವಳಿ ಬಂತು. ನರಕ ಚತುರ್ದಶಿಯ ಎಣ್ಣೆಸ್ನಾನ. ಪುಟ್ಟಮ್ಮ ಮಗನನ್ನು ಮಂಚದ ಮೇಲೆ ಕೂರಿಸಿ ನೆತ್ತಿಯಿಂದ ಅಂಗಾಲಿನವರೆಗೆ ಬಿಸಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ತೊಡೆಗೆ, ಸೊಂಟಕ್ಕೆ, ಅಂಗೈಗೆ. ಬಚ್ಚಲಿಗೆ ಹೋಗಲು ಶಿವಣ್ಣ ಲಂಗೋಟಿಯಲ್ಲೇ ಹಲಗೆಗೆ ಬಂದ. ಮುಷ್ಟಿ ಊರಿದ. ಮುಷ್ಟಿ ಒಂದು ಕಡೆ, ಸೊಂಟ ಇನ್ನೊಂದು ಕಡೆ ಹೋಯಿತು. ಮಂಚಕ್ಕೂ ಕುರ್ಚಿಗೂ ನಡುವೆ ನೆಲಕ್ಕೆ ಬಿದ್ದ. ಹುಣ್ಣು ಮಾಯ್ದಿದ್ದ ಜಾಗದ ಪಕ್ಕಕ್ಕೆ ಕುರ್ಚಿಯ ಕಬ್ಬಿಣ ಗೀರಿತು.

ಹಬ್ಬ ಮುಗಿದು ನಾನು ಹೋದಾಗ ಅವನು ಬೋರಲು ಮಲಗಿದ್ದ. ಗಾಯ ಆಳವಾಗಿರಲಿಲ್ಲ, ಆದರೆ ಹಳೆಯ ಕಲೆಗೆ ಒಂದು ಬೆರಳಿನ ದೂರ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟು ಎಣ್ಣೆ ಯಾರಾದರೂ ಹಚ್ಚುತ್ತಾರೇನಮ್ಮ?" ಎಂದು ಪುಟ್ಟಮ್ಮನ ಮೇಲೆ ಕೂಗಾಡಿದೆ.

ಅವರು ಅಳಲಿಲ್ಲ. "ಹಬ್ಬದ ದಿನ ಮಗನ ತಲೆಗೆ ಎಣ್ಣೆ ಇಕ್ಕದಂಗೆ ಎಂಗೆ ಇರ್ಲವ್ವ? ಬೆನ್ನು ಮುರುದೋರಿಗೆ ಹಬ್ಬ ಬರಾಕಿಲ್ವಾ?"

ನಮ್ಮ ತರಬೇತಿ ಪುಸ್ತಕ ಬರೆದವರ ಊರಿನಲ್ಲಿ ದೀಪಾವಳಿ ಇರಲಿಲ್ಲ. ಒದ್ದೆ ಮೈಯಲ್ಲಿ ಜರುಗಬೇಡಿ ಎಂದು ಅದರಲ್ಲಿತ್ತು. ಎಣ್ಣೆ ಮೈಯ ಬಗ್ಗೆ ಒಂದು ಸಾಲಿರಲಿಲ್ಲ. ಎಣ್ಣೆಯ ನಾಡಿನಲ್ಲಿ ಹುಟ್ಟಿದ ನಮಗಾದರೂ ಹೊಳೆಯಬೇಡವೇ? ಅವತ್ತಿನಿಂದ ಎಲ್ಲ ಮನೆಯಲ್ಲೂ ಮೊದಲು ಹೇಳತೊಡಗಿದೆ: ಬಚ್ಚಲಿಗೆ ಹೋದ ಮೇಲೆ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತೊಳೆದು, ಒರೆಸಿ, ಬಟ್ಟೆ ಉಡಿಸಿದ ಮೇಲೆ ಹಲಗೆ. ಹೊಸಬರು ಇದನ್ನು ಬರೆದಿಟ್ಟುಕೊಳ್ಳಿ.

ಬಿದ್ದ ಸುದ್ದಿ ಸಾಹೇಬರಿಗೆ ಸಿಕ್ಕಿತು. ಎಣ್ಣೆಯ ವಿಷಯವನ್ನು ಅವರು ಕೇಳಲೂ ಇಲ್ಲ. ಕುರ್ಚಿಯ ಕೈ ಕೊಯ್ದದ್ದರಿಂದಲೇ ಫಲಾನುಭವಿ ಬಿದ್ದ ಎಂದು ವರದಿ ಬರೆದರು. ಕುರ್ಚಿಯನ್ನು ವಾಪಸು ತಂದು ಕೈಯನ್ನು ಭದ್ರವಾಗಿ ಬೆಸುಗೆ ಹಾಕಿಸಿ ಕೊಡಬೇಕು, ಕುಟುಂಬದವರು ಎಂದಿನಂತೆ ಎತ್ತಿ ಕೂರಿಸಬೇಕು ಎಂಬುದು ಅವರ ತೀರ್ಮಾನ. ನಾನು ಅವರ ಮೇಜಿನ ಮುಂದೆ ನಿಂತು, "ಎತ್ತಿದರೆ ಅವನು ಸಾಯುತ್ತಾನೆ ಸಾರ್" ಎಂದೆ. "ಕೈ ಇಲ್ಲದ ಕುರ್ಚಿಯಿಂದ ಬಿದ್ದು ಸತ್ತರೆ ಹೆಸರು ಯಾರದಮ್ಮ ಕೆಡೋದು?" ಎಂದರು. ಅವರು ಕೆಟ್ಟವರಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ. ಇರಬಹುದು. ಆ ಮಾತನ್ನು ಕೇಳಿಸಿಕೊಂಡವಳು ನಾನು.

ಗಾಯ ಮಾಯಲು ನವೆಂಬರ್ ಮುಗಿಯಿತು. ಅವನು ಮತ್ತೆ ಕೂರಬಹುದು ಎಂದು ಡಾಕ್ಟರು ಹೇಳಿದ ವಾರವೇ ಸಾಹೇಬರು ಜೀಪಿನಲ್ಲಿ ಬಂದರು. ನನ್ನನ್ನೂ ಕರೆತಂದಿದ್ದರು, ಕೊಯ್ಯಿಸಿದವಳೇ ಮುಂದೆ ನಿಂತು ಕೊಡಿಸಲಿ ಎಂದು. ಕುರ್ಚಿ ಮಂಚದ ಪಕ್ಕದಲ್ಲಿ ಖಾಲಿ ನಿಂತಿತ್ತು. ಜಯಮ್ಮ ಗೋಡೆಗೆ ಒರಗಿದ್ದಳು. ಜೀಪಿನ ಸದ್ದಿಗೆ ರಂಗಪ್ಪ ಮತ್ತು ಬೀದಿಯವರು ಜಗಲಿ ತುಂಬಿದರು.

ಸಾಹೇಬರು ವಿಷಯ ಹೇಳಿದರು. ನಯವಾಗಿಯೇ ಹೇಳಿದರು. ಎಂಟು ದಿನದಲ್ಲಿ ಗಟ್ಟಿಮುಟ್ಟಾಗಿ ವಾಪಸು ಬರುತ್ತದೆ ಎಂದರು.

"ಸ್ವಲ್ಪ ತಡೀರಿ ಸಾರ್" ಎಂದ ಶಿವಣ್ಣ.

ಪಂಚೆ ಸರಿಮಾಡಿಕೊಂಡ. ಬಗ್ಗಿ ಎರಡೂ ಬ್ರೇಕ್ ಹಾಕಿ ಅಲ್ಲಾಡಿಸಿ ನೋಡಿದ. ಕುರ್ಚಿಯ ಕೈಯನ್ನು ಎಳೆದು ಕಳಚಿ ಮಂಚದ ಮೇಲಿಟ್ಟ. ಹಲಗೆ ತೂರಿಸಿಕೊಂಡ. ನನ್ನ ಕಡೆ ನೋಡಲೇ ಇಲ್ಲ. ವಾರಗಟ್ಟಲೆ ಮಲಗಿದ್ದ ತೋಳು ನಡುಗುತ್ತಿತ್ತು. ನಡುವೆ ಎರಡು ಸಲ ನಿಂತು ಉಸಿರು ಬಿಟ್ಟ. ಕುರ್ಚಿಯಲ್ಲಿ ಕೂತು, ಹಲಗೆ ಎಳೆದುಕೊಂಡು, ಕುರ್ಚಿಯ ಕೈಯನ್ನು ಅದರ ಕೊಳವೆಯೊಳಗೆ ಇಳಿಸಿ ಮೇಲೆ ತನ್ನ ಕೈ ಇಟ್ಟ.

"ಈಗ ತಗಂಡೋಗಿ ಸಾರ್" ಎಂದ.

ಅವನು ಇಳಿಯದೆ ಕುರ್ಚಿ ಜೀಪು ಹತ್ತುವಂತಿರಲಿಲ್ಲ. ಸಾಹೇಬರು ರಂಗಪ್ಪನ ಕಡೆ ತಿರುಗಿ, "ಏನಪ್ಪಾ, ನಾಲ್ಕು ಜನ ಬಂದು ಇವನನ್ನ ಎತ್ತಿ ಮಂಚಕ್ಕೆ ಹಾಕಿ" ಎಂದರು.

ಒಂಬತ್ತು ತಿಂಗಳು ಬೇಡ ಬೇಡ ಎಂದರೂ ಎತ್ತಲು ಓಡಿ ಬರುತ್ತಿದ್ದ ರಂಗಪ್ಪ ಕಟ್ಟಿದ ಕೈ ಬಿಚ್ಚಲಿಲ್ಲ. "ನಮಗೆ ಎತ್ತಾಕೆ ಬರಾಕಿಲ್ಲ ಸಾರ್" ಎಂದ.

"ಕಾಯಿ ಮೂಟೆ ಎತ್ತೋನು ನೀನು, ಬರಲ್ಲ ಅಂದರೆ?"

"ಮೂಟೆ ಎತ್ತಾಕೆ ಬತ್ತದೆ. ಇವ್ನು ಮೂಟೆ ಅಲ್ವಂತಲ್ಲ. ಬೇಕಾದ್ರೆ ನೀವು ಎತ್ತಿ, ಕಲ್ತ್ಕತೀವಿ."

ಜೀಪು ಖಾಲಿ ಹೋಯಿತು. ನನ್ನನ್ನೂ ಬಿಟ್ಟು ಹೋಯಿತು. ನಾನು ಶೆಟ್ಟಿಕೆರೆಯವರೆಗೆ ನಡೆದು ಬಸ್ಸು ಹಿಡಿದೆ. ಮರುತಿಂಗಳು ನನ್ನನ್ನು ತುರುವೇಕೆರೆ ಕಡೆಯ ಹಳ್ಳಿಗಳಿಗೆ ಹಾಕಿದರು. ಶಿವಣ್ಣನ ಆ ಜಾಗದ ಚರ್ಮ ಮತ್ತೆ ಒಡೆಯಲಿಲ್ಲ. ಅವನು ಇವತ್ತಿಗೂ ಇದ್ದಾನೆ.

ಅಷ್ಟರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮರುವರ್ಷವೂ ಲಾರಿಯಲ್ಲಿ ಕುರ್ಚಿಗಳು ಬಂದವು, ಕೈಗಳಿಗೆ ಅದೇ ಬೆಸುಗೆ. ಅದರ ಮರುವರ್ಷವೂ ಬಂದವು. ಎತ್ತಿಸಿಕೊಂಡು ಅವುಗಳಲ್ಲಿ ಕೂತು, ಹುಣ್ಣಾಗಿ ತೀರಿಹೋದವರ ಹೆಸರುಗಳು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಅವರ ಮನೆಯವರು ಇದನ್ನು ಓದಬಹುದು. ಎತ್ತಿದವರೂ ಅವರೇ, ಪ್ರೀತಿಯಿಂದ ಎತ್ತಿದ್ದರು. ಅವರಿಗೆ ಬೇರೆ ದಾರಿಯನ್ನು ಕುರ್ಚಿಯೇ ಮುಚ್ಚಿತ್ತು.

ನೀವು ಕೆಲಸಕ್ಕೆ ಸೇರಿದ ದಿನ ಗೋದಾಮಿಗೆ ಹೋಗಿ. ನಮಸ್ಕಾರ, ಪರಿಚಯ, ಫೋಟೋ ಎಲ್ಲ ಆಮೇಲೆ. ಸಾಲಾಗಿ ನಿಲ್ಲಿಸಿರುವ ಕುರ್ಚಿಗಳಲ್ಲಿ ಮೊದಲನೆಯದರ ಕೈ ಹಿಡಿದು ಮೇಲಕ್ಕೆ ಎಳೆದು ನೋಡಿ. ಬರದಿದ್ದರೆ ಅಲ್ಲೇ ಜಗಳ ಶುರು ಮಾಡಿ.